ಮನೆಯಲ್ಲೇ ಚಿತ್ರ ಸ್ಕ್ಯಾನ್ ಮಾಡುವಾಗ ಹಗುರ ಫೈಲಿಗೆ ಯಾವ ದಾರಿ?

ಎ4 ಹಾಳೆಯೊಂದನ್ನು 300 ಡಿಪಿಐನಲ್ಲಿ (ಅಂದರೆ ಇಂಚಿಗೆ 300 ಚುಕ್ಕೆಯಂತೆ) ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಸಿಗುವುದು 2480 × 3508 ಪಿಕ್ಸೆಲ್, ಹತ್ತಿರ ಹತ್ತಿರ 87 ಲಕ್ಷ ಚುಕ್ಕೆ. ಒಂದೊಂದು ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟ್ ಬೇಕು. ಒಟ್ಟು 26 ಎಂಬಿ. ಅದೇ ಹಾಳೆಯನ್ನು ಗ್ರೇಸ್ಕೇಲ್‌ನಲ್ಲಿ, ಅಂದರೆ ಬರೀ ಬೂದು ಛಾಯೆಗಳಲ್ಲಿ ತೆಗೆದರೆ 8.7 ಎಂಬಿ. ನಡುವೆ ಬೂದು ಛಾಯೆಯೇ ಇಲ್ಲದ ಅಪ್ಪಟ ಕಪ್ಪು-ಬಿಳುಪಿನಲ್ಲಿ ತೆಗೆದರೆ 1.1 ಎಂಬಿ. ಇದೆಲ್ಲ ಕಂಪ್ರೆಷನ್ (ಫೈಲನ್ನು ಹಿಂಡಿ ಚಿಕ್ಕದು ಮಾಡುವುದು) ಶುರುವಾಗುವ ಮುಂಚಿನ ಲೆಕ್ಕ. 600 ಡಿಪಿಐಗೆ ಏರಿಸಿದರೆ ಎಲ್ಲವನ್ನೂ ನಾಲ್ಕರಿಂದ ಗುಣಿಸಿಕೊಳ್ಳಿ. ಬಣ್ಣದ ಹಾಳೆ 104 ಎಂಬಿ ಮುಟ್ಟುತ್ತದೆ.

ಸಾಮಾನ್ಯವಾಗಿ ನಾವು ಮಾಡುವುದೇನು? ಸ್ಕ್ಯಾನರ್ ಕೊಟ್ಟಿದ್ದನ್ನು ಹಾಗೇ ಉಳಿಸಿಕೊಂಡು, 'ಫೈಲ್ ಕಂಪ್ರೆಸ್' ಎಂದು ಹುಡುಕಿದಾಗ ಸಿಕ್ಕ ಮೊದಲ ವೆಬ್‌ಸೈಟಿಗೆ ಹಾಕಿ ಹಿಂಡುತ್ತೇವೆ. ಫೈಲು ಚಿಕ್ಕದಾಗುತ್ತದೆ, ಜತೆಗೆ ಗೆರೆಗಳೂ ಮಸುಕಾಗುತ್ತವೆ. ಆದರೆ ಚಿತ್ರದ ಫೈಲಿನಲ್ಲಿ ತೂಕದ ದೊಡ್ಡ ಪಾಲು ಕಾಗದದ್ದು, ಚಿತ್ರದ ಪಾಲು ಸಣ್ಣದು. ಸ್ಕ್ಯಾನ್ ಆದ ಹಾಳೆಯಲ್ಲಿ ಏನೂ ಬರೆಯದ ಬಿಳಿ ಜಾಗವನ್ನು ಚೆನ್ನಾಗಿ ಝೂಮ್ ಮಾಡಿ ನೋಡಿ. 0 ಅಂದರೆ ಕಪ್ಪು, 255 ಅಂದರೆ ಬಿಳಿ ಎಂಬ ಅಳತೆಯಲ್ಲಿ ಒಂದು ಚುಕ್ಕೆ 236 ಇದ್ದರೆ ಪಕ್ಕದ್ದು 241, ಅದರ ಕೆಳಗಿನದು 233. ಕಾಗದದ ನಾರು, ಸ್ಕ್ಯಾನರ್ ಸೆನ್ಸರಿನ ಗದ್ದಲ ಎರಡೂ ಸೇರಿ ಆಗುವ ಏರಿಳಿತ ಇದು. ಕಣ್ಣಿಗೆ ಕಾಣದಿದ್ದರೂ ಕಂಪ್ಯೂಟರಿಗೆ ಇವೆಲ್ಲ ಬೇರೆ ಬೇರೆ ಬಣ್ಣ. ಆ ಜಾಗವೆಲ್ಲ ಒಂದೇ ಸಮ 255 ಆಗಿದ್ದರೆ 'ಇಲ್ಲಿಂದ ಸಾವಿರ ಚುಕ್ಕೆ ಬಿಳಿ' ಎಂದು ನಾಲ್ಕಾರು ಬೈಟಿನಲ್ಲಿ ಮುಗಿಸಬಹುದಿತ್ತು. ಈಗ ಒಂದೊಂದನ್ನೂ ಬರೆದಿಡಬೇಕು.

ಹಾಗಾಗಿ ಯಾವ ಫಾರ್ಮ್ಯಾಟ್, ಎಷ್ಟು ಡಿಪಿಐ ಎಂದು ಕೇಳುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ: ಈ ಚಿತ್ರದಲ್ಲಿ ಕಾಗದಕ್ಕೆ ಏನಾದರೂ ಪಾತ್ರ ಇದೆಯೇ? ರಂಗೋಲಿ ಪುಸ್ತಕದಲ್ಲಿ ಖಂಡಿತ ಇಲ್ಲ. ಜಲವರ್ಣದಲ್ಲಿ ಇದೆ. ಪೆನ್ಸಿಲ್ ಚಿತ್ರ ಇವೆರಡರ ನಡುವೆ ನಿಲ್ಲುತ್ತದೆ.

ರಂಗೋಲಿ ಪುಸ್ತಕ, ಪೆನ್ನಿನ ಗೆರೆಚಿತ್ರ

ಬಹಳ ಮನೆಗಳಲ್ಲಿ ಅಮ್ಮನದೋ ಅಜ್ಜಿಯದೋ ಒಂದು ರಂಗೋಲಿ ನೋಟ್‌ಬುಕ್ ಇರುತ್ತದೆ. ಗೆರೆ ಹಾಕಿದ ಹಾಳೆ, ನೀಲಿ ಬಾಲ್‌ಪೆನ್, ಸಾಲು ಸಾಲು ಚುಕ್ಕಿ, ಅಂಚಿನಲ್ಲಿ '15 ಚುಕ್ಕಿ, 8ರವರೆಗೆ' ಎಂಬ ಟಿಪ್ಪಣಿ. ಸ್ಕ್ಯಾನ್ ಮಾಡಿ ಅಕ್ಕತಂಗಿಯರಿಗೆಲ್ಲ ಕಳಿಸಲು ಇದಕ್ಕಿಂತ ಒಳ್ಳೆಯ ಸರಕಿಲ್ಲ, ಅತ್ಯಂತ ಹಗುರವಾಗಬಲ್ಲ ಸರಕೂ ಇದೇ.

ಇಲ್ಲಿ ಆಯ್ಕೆ ಎರಡು: 300 ಡಿಪಿಐ ಗ್ರೇಸ್ಕೇಲ್ ಜೆಪೆಗ್, ಇಲ್ಲವೇ 600 ಡಿಪಿಐ ಅಪ್ಪಟ ಕಪ್ಪು-ಬಿಳುಪು. ಎರಡನೆಯದಕ್ಕೆ ಸ್ಕ್ಯಾನರ್ ತಂತ್ರಾಂಶಗಳಲ್ಲಿ 'ಲೈನ್ ಆರ್ಟ್', 'ಬ್ಲ್ಯಾಕ್ ಅಂಡ್ ವೈಟ್', ಕೆಲವೆಡೆ 'ಟೆಕ್ಸ್ಟ್' ಎಂದೆಲ್ಲ ಹೆಸರು. ಹುಷಾರು, ಕೆಲವು ತಂತ್ರಾಂಶಗಳು ಗ್ರೇಸ್ಕೇಲನ್ನೇ 'ಬ್ಲ್ಯಾಕ್ ಅಂಡ್ ವೈಟ್' ಎಂದು ಕರೆಯುತ್ತವೆ. ಡಿಪಿಐ ದುಪ್ಪಟ್ಟಾದರೆ ಫೈಲೂ ದೊಡ್ಡದಾಗಬೇಕು ಅನಿಸುವುದು ಸಹಜ. ಆಗುವುದು ತಿರುಗಾಮುರುಗಾ. ಗ್ರೇಸ್ಕೇಲ್ ಜೆಪೆಗ್ ಅಂದಾಜು ಒಂದು ಎಂಬಿ ಸುತ್ತಮುತ್ತ ಬಂದರೆ, 600 ಡಿಪಿಐನ ಕಪ್ಪು-ಬಿಳುಪು ಫೈಲು ನೂರು-ನೂರೈವತ್ತು ಕೆಬಿಯಲ್ಲಿ ಮುಗಿಯುತ್ತದೆ. ಗೆರೆಯೂ ಹೆಚ್ಚು ಚೂಪು.

ಕಾರಣ ಟಿಫ್ ಫೈಲಿನೊಳಗೆ ಬಳಸುವ ಗ್ರೂಪ್ 4 ಎಂಬ ಕಂಪ್ರೆಷನ್. ಫ್ಯಾಕ್ಸ್ ಯಂತ್ರಗಳಿಗಾಗಿ ರೂಪಿಸಿದ್ದು. ಅದು ಪ್ರತಿ ಸಾಲನ್ನೂ ಮೇಲಿನ ಸಾಲಿಗೆ ಹೋಲಿಸಿ, ಎಲ್ಲಿ ಬದಲಾಗಿದೆಯೋ ಅಷ್ಟನ್ನು ಮಾತ್ರ ಬರೆದುಕೊಳ್ಳುತ್ತದೆ. ಗೆರೆಚಿತ್ರದಲ್ಲಿ ಒಂದು ಸಾಲಿಗೂ ಮುಂದಿನ ಸಾಲಿಗೂ ವ್ಯತ್ಯಾಸ ಒಂದೆರಡು ಚುಕ್ಕೆ. ಮಾಹಿತಿ ಒಂದಿಷ್ಟೂ ನಷ್ಟವಾಗುವುದಿಲ್ಲ. ಇನ್ನು 600 ಏಕೆ, 300 ಸಾಲದೇ? ಗ್ರೇಸ್ಕೇಲ್‌ನಲ್ಲಿ ಗೆರೆಯ ಅಂಚಿನ ಚುಕ್ಕೆಗಳು ನಸುಬೂದಾಗಿ ಕೂತು ಅಂಚನ್ನು ನಯ ಮಾಡುತ್ತವೆ. ಕಪ್ಪು-ಬಿಳುಪಿನಲ್ಲಿ ಆ ಸೌಲಭ್ಯ ಇಲ್ಲ. 300ರಲ್ಲಿ ಓರೆ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ.

ಕಪ್ಪು-ಬಿಳುಪಿಗೆ ಇಳಿಸುವ ಕೆಲಸವನ್ನು ಸ್ಕ್ಯಾನರಿಗೆ ಬಿಡದಿರುವುದು ಮೇಲು. ಅದು 'ಇದಕ್ಕಿಂತ ತಿಳಿಯಾದದ್ದೆಲ್ಲ ಬಿಳಿ' ಎಂದು ತನ್ನದೇ ಒಂದು ಗಡಿ ಹಾಕಿಕೊಂಡಿರುತ್ತದೆ. ತೆಳು ಗೆರೆ ತುಂಡಾಗುತ್ತದೆ, ಪಕ್ಕಪಕ್ಕದ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. 600 ಡಿಪಿಐ ಬಣ್ಣದಲ್ಲೇ ತೆಗೆದು, ಚಿತ್ರ ತಿದ್ದಲು ಉಚಿತವಾಗಿ ಸಿಗುವ ಗಿಂಪ್ ತಂತ್ರಾಂಶದಲ್ಲಿ ಈ ಗಡಿಯನ್ನು ನಾವೇ ಹಾಕುವ 'ಥ್ರೆಶೋಲ್ಡ್' ಜಾರುಗುಂಡಿಯನ್ನು ಕಣ್ಣಳತೆಯಲ್ಲಿ ಹೊಂದಿಸಿ. ಬಣ್ಣ ಏಕೆಂದರೆ ನೋಟ್‌ಬುಕ್ಕಿನ ಗೆರೆಗಳನ್ನು ಅಳಿಸುವ ಕೀಲಿ ಅಲ್ಲಿದೆ. ರಂಗೋಲಿ ಕಪ್ಪು ಪೆನ್ನಿನಲ್ಲಿದ್ದರೆ ನೀಲಿ ಚಾನೆಲ್ (ಪ್ರತಿ ಚುಕ್ಕೆಯ ಮೂರು ಬೈಟಿನಲ್ಲಿ ನೀಲಿಯದು) ಒಂದನ್ನೇ ಬೇರ್ಪಡಿಸಿಕೊಳ್ಳಿ. ಹಾಳೆಯ ತಿಳಿನೀಲಿ ಗೆರೆಗಳು ಅಲ್ಲಿ ಹೆಚ್ಚೂಕಮ್ಮಿ ಬಿಳಿಯಾಗಿಬಿಟ್ಟಿರುತ್ತವೆ. ಆದರೆ ನೀಲಿ ಬಾಲ್‌ಪೆನ್ನಿನ ರಂಗೋಲಿಗೆ ಈ ಉಪಾಯ ಹಿಡಿದರೆ ರಂಗೋಲಿಯೇ ಮಂಕಾಗುತ್ತದೆ. ಅದಕ್ಕೆ ಕೆಂಪು ಚಾನೆಲ್ ಸರಿ. ಅಲ್ಲಿ ಪೆನ್ನಿನ ಗೆರೆ ಗಾಢ ಕಪ್ಪು, ಹಾಳೆಯ ಗೆರೆ ಬರೀ ಬೂದು. ಥ್ರೆಶೋಲ್ಡನ್ನು ಎರಡರ ನಡುವೆ ನಿಲ್ಲಿಸಿದರೆ ಬೂದು ಹೋಗಿ ಕಪ್ಪು ಉಳಿಯುತ್ತದೆ. ಅಂಚಿನ ಕೆಂಪು ಮಾರ್ಜಿನ್ ಕೆಂಪು ಚಾನೆಲ್‌ನಲ್ಲಿ ತಾನಾಗಿಯೇ ಮಾಯ.

ಹಿಂಬದಿಯ ರಂಗೋಲಿ ಮುಂದಕ್ಕೆ ಇಣುಕುತ್ತಿದ್ದರೆ ಹಾಳೆಯ ಹಿಂದೆ ಒಂದು ಕಪ್ಪು ಕಾಗದ ಇಡಿ. ಸ್ಕ್ಯಾನರ್ ಮುಚ್ಚಳದ ಬಿಳಿ ಬಣ್ಣವೇ ಬೆಳಕನ್ನು ವಾಪಸ್ ಕಳಿಸಿ ಹಿಂಬದಿಯನ್ನು ಎತ್ತಿ ತೋರಿಸುತ್ತಿರುತ್ತದೆ. ಇಡೀ ಹಾಳೆ ಸ್ವಲ್ಪ ಕಪ್ಪಿಟ್ಟಂತೆ ಬಂದರೂ ಥ್ರೆಶೋಲ್ಡ್ ಅದನ್ನು ನೋಡಿಕೊಳ್ಳುತ್ತದೆ.

ಕೊನೆಗೆ ಟಿಫ್ ಆಗಿ ಉಳಿಸುವುದೋ, ನಷ್ಟವಿಲ್ಲದೆ ಹಿಂಡುವ ಇನ್ನೊಂದು ಬಗೆಯಾದ ಪಿಎನ್‌ಜಿ ಆಗಿಯೋ? ಗ್ರೂಪ್ 4 ಟಿಫ್ ಇನ್ನಷ್ಟು ಚಿಕ್ಕದು, ಆದರೆ ಅತ್ತಿಗೆಯ ಫೋನಿನಲ್ಲಿ ತೆರೆಯದಿರಬಹುದು. ಕಳಿಸುವುದಕ್ಕೆ 1 ಬಿಟ್ ಪಿಎನ್‌ಜಿ (ಕಪ್ಪು, ಬಿಳಿ ಎರಡೇ ಬಣ್ಣದ್ದು) ಸಾಕು. ಗಿಂಪ್‌ನಲ್ಲಿ ಥ್ರೆಶೋಲ್ಡ್ ಆದ ಮೇಲೆ ಇಮೇಜ್ ಮೋಡನ್ನು 'ಇಂಡೆಕ್ಸ್ಡ್'ಗೆ ಬದಲಿಸಿ 1 ಬಿಟ್ ಪ್ಯಾಲೆಟ್ ಆರಿಸುವುದನ್ನು ಮರೆತರೆ, ಕಣ್ಣಿಗೆ ಕಪ್ಪು-ಬಿಳುಪಾದರೂ ಒಳಗೆ ಪೂರ್ಣ ಬಣ್ಣದ ಫೈಲಾಗಿಯೇ ಉಳಿಯುತ್ತದೆ.

ಮೂರನೆಯ ದಾರಿಯೊಂದಿದೆ, ವೆಕ್ಟರ್. ಇಂಕ್‌ಸ್ಕೇಪ್ ಎಂಬ ತಂತ್ರಾಂಶದ 'ಟ್ರೇಸ್ ಬಿಟ್‌ಮ್ಯಾಪ್' ಚುಕ್ಕೆಗಳನ್ನು ರೇಖೆಗಳಾಗಿ ಬದಲಿಸಿ ಎಸ್‌ವಿಜಿ ಫೈಲು ಕೊಡುತ್ತದೆ. ಫ್ಲೆಕ್ಸ್ ಗಾತ್ರಕ್ಕೆ ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ. ಸ್ಪಷ್ಟ ಎಳೆಗಳ ರಂಗೋಲಿಗೆ, ಲೋಗೋಗೆ ಒಳ್ಳೆಯದು. ಕೈಬರಹದ ನಡುಕ, ಒತ್ತಡದ ಏರಿಳಿತ ಇರುವ ಚಿತ್ರಕ್ಕೆ ಬೇಡ. ಸಾವಿರಾರು ಬಿಂದುಗಳಾಗಿ ಫೈಲೂ ಊದುತ್ತದೆ, ಗೆರೆಯ ಗುಣವೂ ಹೋಗುತ್ತದೆ. ಇದರಲ್ಲಿ 'ಸ್ಪೆಕಲ್ಸ್' ಎಂಬ ಆಯ್ಕೆ ಧೂಳಿನ ಕಣಗಳನ್ನು ಗುಡಿಸಲು ಇರುವುದು. ಅದನ್ನು ಸಿಕ್ಕಾಪಟ್ಟೆ ಏರಿಸಿದರೆ ಧೂಳಿನ ಜತೆ ರಂಗೋಲಿಯ ಚುಕ್ಕಿಗಳೂ ಗುಡಿಸಿಹೋಗುತ್ತವೆ.

ಪೆನ್ಸಿಲ್

ಪೆನ್ಸಿಲ್ ಚಿತ್ರವನ್ನು ಅಪ್ಪಟ ಕಪ್ಪು-ಬಿಳುಪಿಗೆ ಇಳಿಸಬೇಡಿ. ಛಾಯೆಯೇ ಅದರ ಜೀವ. 300 ಡಿಪಿಐ ಗ್ರೇಸ್ಕೇಲ್ ಸಾಕು. ಪೆನ್ಸಿಲ್ ಚಿತ್ರವನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಕಾಗದದ ಹಳದಿ ಛಾಯೆ ದಾಖಲಾಗುತ್ತದೆ, ಬೇರೇನೂ ಇಲ್ಲ.

ಇಲ್ಲಿ ನಿಜವಾದ ಉಳಿತಾಯ 'ಲೆವೆಲ್ಸ್' ಎಂಬ ಉಪಕರಣದಲ್ಲಿದೆ. ತೆರೆದರೆ ಒಂದು ಗ್ರಾಫ್ ಕಾಣುತ್ತದೆ: ಬಲಗಡೆ ದೊಡ್ಡ ಗುಡ್ಡ, ಎಡಕ್ಕೆ ಉದ್ದಕ್ಕೂ ತಗ್ಗು ಬಯಲು. ಗುಡ್ಡವೇ ಕಾಗದ, ಬಯಲೇ ನಿಮ್ಮ ಚಿತ್ರ. ಬಿಳಿ ತ್ರಿಕೋನವನ್ನು ಎಡಕ್ಕೆ ಎಳೆದಂತೆ ಅದರ ಬಲಕ್ಕಿರುವುದೆಲ್ಲ 255 ಆಗುತ್ತದೆ. ಗುಡ್ಡದ ಎಡ ಬುಡದ ತನಕ ತಂದರೆ ಕಾಗದ ಪೂರ್ತಿ ಮಾಯವಾಗಿ ಪಿಎನ್‌ಜಿ ಫೈಲು ಹಲವು ಪಟ್ಟು ಕುಗ್ಗುತ್ತದೆ. ಎಚ್‌ಬಿ, 2ಬಿಯಲ್ಲಿ ಎಳೆದ ಗಟ್ಟಿ ಗೆರೆಗಳ ಸ್ಕೆಚ್ಚಿಗೆ ಇದು ನಡೆಯುತ್ತದೆ. ಭಾವಚಿತ್ರದ ಕೆನ್ನೆಯ ಮೇಲೆ 2ಎಚ್‌ನಲ್ಲಿ ಹಗುರವಾಗಿ ಹಾಕಿದ ಛಾಯೆ ಇದ್ದರೆ ನಡೆಯುವುದಿಲ್ಲ. ಅದು ಗುಡ್ಡದ ಇಳಿಜಾರಿನಲ್ಲೇ ಅಡಗಿರುತ್ತದೆ, ಕಾಗದದ ಜತೆ ಅದೂ ಹೋಗಿ ಕೆನ್ನೆ ಚಪ್ಪಟೆಯಾಗುತ್ತದೆ. ಅಂಥದ್ದಕ್ಕೆ ತ್ರಿಕೋನವನ್ನು ಗುಡ್ಡದ ತುದಿಯಲ್ಲೇ ನಿಲ್ಲಿಸಿ. ಉಳಿತಾಯ ಕಮ್ಮಿ, ಕೆನ್ನೆ ಉಳಿಯುತ್ತದೆ.

ಉಳಿಸುವಾಗ 85ರ ಗುಣಮಟ್ಟದ ಜೆಪೆಗ್ ಸುಲಭದ ದಾರಿ. ಕಾಗದ ಶುಚಿಯಾಗಿದ್ದರೆ ನನ್ನ ಒಲವು 16 ಬೂದು ಛಾಯೆಗಳ ಪಿಎನ್‌ಜಿ ಕಡೆಗೆ. 256 ಛಾಯೆಗಳ ಬದಲು ಹದಿನಾರೇ ಸಾಕೇ ಎಂದು ಅನುಮಾನ ಬರಬಹುದು. ಗೆರೆಗಳಿಂದ ಕೂಡಿದ ಸ್ಕೆಚ್ಚಿನಲ್ಲಿ ವ್ಯತ್ಯಾಸ ಹುಡುಕುವುದು ಕಷ್ಟ. ಬೆರಳಲ್ಲಿ ಉಜ್ಜಿ ನಯ ಮಾಡಿದ ಛಾಯೆಯಿದ್ದರೆ ಪಟ್ಟೆಪಟ್ಟೆ ಕಾಣುತ್ತದೆ. ಆಗ ಜೆಪೆಗ್‌ಗೆ ವಾಪಸ್.

ಜಲವರ್ಣ, ಕ್ರೇಯಾನ್, ಸ್ಕೆಚ್‌ಪೆನ್

ಜಲವರ್ಣಕ್ಕೆ ವಾದವೇ ಇಲ್ಲ: 300 ಡಿಪಿಐ ಬಣ್ಣ, ಜೆಪೆಗ್, ಗುಣಮಟ್ಟ 85ರಿಂದ 90. ಕಾಗದದ ತರಿ ಇಲ್ಲಿ ಚಿತ್ರದ ಭಾಗ, ಅಳಿಸುವಂತಿಲ್ಲ. ಪಿಎನ್‌ಜಿ ಮಾಡಿದರೆ ಆ ತರಿಯನ್ನೆಲ್ಲ ಚುಕ್ಕೆ ಬಿಡದೆ ಬರೆದಿಟ್ಟು ಹತ್ತು-ಹದಿನೈದು ಎಂಬಿ ಮೀರುತ್ತದೆ. ನೋಡುವವರಿಗೆ ಅದರಿಂದ ಲಾಭವಿಲ್ಲ.

ಸ್ಪರ್ಧೆಗೋ ಶಾಲೆಯ ಪೋರ್ಟಲಿಗೋ 1 ಎಂಬಿ ಒಳಗೆ ಬೇಕೆಂದರೆ, ಗುಣಮಟ್ಟವನ್ನು 40ಕ್ಕೆ ಇಳಿಸುವುದಕ್ಕಿಂತ ಅಳತೆ ಕುಗ್ಗಿಸುವುದು ಯಾವಾಗಲೂ ಮೇಲು. 300ರಿಂದ 200 ಡಿಪಿಐಗೆ ಇಳಿಸಿದರೆ ಚುಕ್ಕೆಗಳ ಸಂಖ್ಯೆ ಅರ್ಧಕ್ಕಿಂತ ಕಮ್ಮಿಯಾಗುತ್ತದೆ. 150ಕ್ಕೆ ಇಳಿಸಿದರೆ ಕಾಲುಭಾಗ, 1240 × 1754. ಸಾಮಾನ್ಯ ಕಂಪ್ಯೂಟರ್ ಪರದೆ 1920 × 1080 ಮಾತ್ರ ಇರುವಾಗ ನೋಡಲು ಅಷ್ಟೇ ಬೇಕಾದಷ್ಟಾಯಿತು. ಗುಣಮಟ್ಟ ವಿಪರೀತ ಇಳಿಸಿದರೆ ಏನಾಗುತ್ತದೆಂದು ನೋಡಬೇಕಾದರೆ ಗಾಢ ಗೆರೆಯೊಂದರ ಅಕ್ಕಪಕ್ಕ ಝೂಮ್ ಮಾಡಿ. ಜೆಪೆಗ್ ಚಿತ್ರವನ್ನು 8 × 8 ಚುಕ್ಕೆಯ ಚೌಕಗಳಾಗಿ ಕತ್ತರಿಸಿ ಒಂದೊಂದನ್ನೂ ಬೇರೆಬೇರೆಯಾಗಿ ಹಿಂಡುತ್ತದೆ. ಗೆರೆ ಹಾದುಹೋದ ಚೌಕದಲ್ಲೆಲ್ಲ ಅದರ ಸುತ್ತ ಕೊಳಕು ಬೂದು ಕಲೆಗಳು ಎದ್ದಿರುತ್ತವೆ. ಆಕಾಶದಂಥ ನಯವಾದ ಜಾಗಕ್ಕೆ ಜೆಪೆಗ್ ಹೇಳಿ ಮಾಡಿಸಿದ್ದು, ಚೂಪು ಗೆರೆಗೆ ಒಗ್ಗದ್ದು.

ಮಕ್ಕಳ ಸ್ಕೆಚ್‌ಪೆನ್ ಚಿತ್ರ ಬೇರೆಯೇ ಜಾತಿ. ಡಬ್ಬಿಯಲ್ಲಿ ಇದ್ದದ್ದೇ ಹನ್ನೆರಡು ಬಣ್ಣ. ಲೆವೆಲ್ಸ್‌ನಲ್ಲಿ ಕಾಗದ ತೆಗೆದು, ಇಂಡೆಕ್ಸ್ಡ್ ಮೋಡಿನಲ್ಲಿ 16 ಅಥವಾ 32 ಬಣ್ಣಗಳಿಗೆ ಇಳಿಸಿ ಪಿಎನ್‌ಜಿ ಮಾಡಿ. ಡಿದರಿಂಗ್ ಆಯ್ಕೆಯನ್ನು 'ನನ್' ಎಂದಿಡಿ. ಇಲ್ಲದಿದ್ದರೆ ತಂತ್ರಾಂಶ ಇರದ ಬಣ್ಣ ತೋರಿಸಲು ಚುಕ್ಕೆ ಉದುರಿಸುತ್ತದೆ, ಕಷ್ಟಪಟ್ಟು ಅಳಿಸಿದ ಗದ್ದಲ ಮತ್ತೆ ಬರುತ್ತದೆ. ಕ್ರೇಯಾನನ್ನು ಜಲವರ್ಣದ ಲೆಕ್ಕಕ್ಕೇ ಸೇರಿಸಿ.

ನೀರು ಕುಡಿದು ಸೊಟ್ಟಗಾದ ಹಾಳೆಯ ಬಗ್ಗೆ ಒಂದು ಮಾತು. ಕ್ಯಾನನ್ ಲೈಡ್ ಥರದ ತೆಳು ಸ್ಕ್ಯಾನರುಗಳಲ್ಲಿ, ಮನೆಯ ಬಹುತೇಕ ಆಲ್-ಇನ್-ಒನ್ ಪ್ರಿಂಟರುಗಳಲ್ಲಿ ಇರುವುದು ಸಿಐಎಸ್ ಸೆನ್ಸರ್. ಗಾಜಿಗೆ ಅಂಟಿಕೊಂಡ ಜಾಗ ಮಾತ್ರ ಚೂಪಾಗಿ ಬರುತ್ತದೆ, ಸ್ವಲ್ಪ ಎದ್ದ ಜಾಗ ಮಸುಕು. ಹಿಂದಿನ ರಾತ್ರಿಯೇ ದಪ್ಪ ಪುಸ್ತಕಗಳ ಅಡಿಯಲ್ಲಿಟ್ಟು ಚಪ್ಪಟೆ ಮಾಡಿಕೊಳ್ಳಿ. ಡಿಪಿಐ ಏರಿಸಿದರೆ ಮಸುಕು ಹೋಗುವುದಿಲ್ಲ, ಮಸುಕಿನ ಫೈಲು ದೊಡ್ಡದಾಗುತ್ತದೆ ಅಷ್ಟೇ.

ಮನೆ ನಕ್ಷೆ

ನಕ್ಷೆಯೂ ಗೆರೆಚಿತ್ರವೇ, ಆದರೆ ಇಲ್ಲಿ ಅಂಕಿಗಳಿವೆ. ಫೈಲ್ ಸೈಜಿನ ಆಸೆ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ 2013ರ ಪ್ರಕರಣವೊಂದು ಪ್ರಸಿದ್ಧ. ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್ ಕಟ್ಟಡ ನಕ್ಷೆಯೊಂದರ ಸ್ಕ್ಯಾನ್ ಪ್ರತಿ ನೋಡಿದಾಗ, 21.11 ಚದರ ಮೀಟರ್ ಎಂದಿದ್ದ ಕೋಣೆಯಲ್ಲಿ 14.13 ಎಂದು ಅಚ್ಚಾಗಿತ್ತು. ಮಸುಕಾಗಿರಲಿಲ್ಲ, ಓದಲು ಸ್ಪಷ್ಟವಾಗಿಯೇ ಇತ್ತು. 14.13 ಪಕ್ಕದ ಕೋಣೆಯ ಅಳತೆ. ಜೆರಾಕ್ಸ್ ಕಂಪನಿಯ ಕೆಲವು ಆಫೀಸು ಯಂತ್ರಗಳು ಬಳಸುತ್ತಿದ್ದ ಜೆಬಿಗ್2 ಕಂಪ್ರೆಷನ್ ಇದಕ್ಕೆ ಕಾರಣ. ಒಂದೇ ಥರ ಕಾಣುವ ತುಣುಕುಗಳನ್ನು ಒಂದೇ ಸಲ ಉಳಿಸಿ ಎಲ್ಲೆಡೆ ಅದನ್ನೇ ಅಂಟಿಸುವುದು ಅದರ ವಿಧಾನ. ಸಣ್ಣ ಅಕ್ಷರಗಳಲ್ಲಿ 'ಒಂದೇ ಥರ' ಎಂಬ ತೀರ್ಮಾನ ತಪ್ಪಿತು. ಕಂಪನಿ ಆಮೇಲೆ ತಿದ್ದುಪಡಿ ಬಿಡುಗಡೆ ಮಾಡಿತು.

ಜೆಬಿಗ್2ಗೆ ನಷ್ಟವಿಲ್ಲದ ಬಗೆಯೂ ಇದೆ, ಅದರಲ್ಲಿ ಈ ತೊಂದರೆ ಇಲ್ಲ. ಆದರೆ ಪಿಡಿಎಫ್ ಮಾಡಿಕೊಡುವ ತಂತ್ರಾಂಶ ಯಾವುದನ್ನು ಬಳಸುತ್ತಿದೆ ಎಂದು ಮನೆಯಲ್ಲಿ ಕೂತು ಗೊತ್ತಾಗುವುದು ಕಷ್ಟ. ನಕ್ಷೆಗೆ ಗ್ರೂಪ್ 4 ಇರುವಾಗ ಈ ಉಸಾಬರಿಯೇ ಬೇಡ. 'ಹೈ ಕಂಪ್ರೆಷನ್ ಪಿಡಿಎಫ್' ಎಂಬ ಆಯ್ಕೆ ಕಂಡರೆ ಒತ್ತದಿರಿ, ಸಣ್ಣ ಅಂಕಿಗಳಿದ್ದಲ್ಲಿ 600 ಡಿಪಿಐಗಿಂತ ಕೆಳಗಿಳಿಯದಿರಿ.

ಪಿಡಿಎಫ್ ಬಗ್ಗೆ ಇರುವ ಒಂದು ನಂಬಿಕೆಯನ್ನೂ ಇಲ್ಲೇ ಮುಗಿಸೋಣ. ಪಿಡಿಎಫ್ ಒಂದು ಚೀಲ. 5 ಎಂಬಿಯ ಜೆಪೆಗ್ ಒಳಗೆ ಹಾಕಿದರೆ ಚೀಲವೂ 5 ಎಂಬಿ ತೂಗುತ್ತದೆ. ಪಿಡಿಎಫ್ ಮಾಡಿದ ತಕ್ಷಣ ಸೈಜು ಇಳಿಯಿತೆಂದರೆ ತಂತ್ರಾಂಶ ನಿಮ್ಮನ್ನು ಕೇಳದೆ ಚಿತ್ರವನ್ನು ಕುಗ್ಗಿಸಿದೆ ಎಂದರ್ಥ. ಹತ್ತಾರು ಪುಟಗಳನ್ನು ಒಟ್ಟಿಗೆ ಕಟ್ಟಲು ಪಿಡಿಎಫ್ ಅನುಕೂಲ, ಒಂದೇ ಚಿತ್ರಕ್ಕೆ ಬೇಕಿಲ್ಲ.

ಫೋನಿನಲ್ಲಿ ತೆಗೆದರೆ ಆಗದೇ?

ಆಗುತ್ತದೆ, ಕೆಲವಕ್ಕೆ. 12 ಮೆಗಾಪಿಕ್ಸೆಲ್ ಫೋಟೋ ಅಂದರೆ 4000 × 3000. ಎ4 ಹಾಳೆ ಫ್ರೇಮನ್ನು ಪೂರ್ತಿ ತುಂಬಿದರೆ ಸುಮಾರು 340 ಡಿಪಿಐ, ಸುತ್ತ ಜಾಗ ಬಿಟ್ಟಾಗ 300ರ ಒಳಗೆ. ಲೆಕ್ಕದಲ್ಲಿ ಸ್ಕ್ಯಾನರಿಗೆ ಸಮ. ಆದರೆ ಸಂಜೆ ಟ್ಯೂಬ್‌ಲೈಟಿನಲ್ಲಿ ತೆಗೆದರೆ ಕಾಗದದ ಗದ್ದಲಕ್ಕೆ ಕ್ಯಾಮೆರಾದ ಗದ್ದಲ ಸೇರುತ್ತದೆ, ಜತೆಗೆ ಒಂದು ಮೂಲೆ ಬೆಳ್ಳಗೆ, ಇನ್ನೊಂದು ಮೂಲೆ ಕಪ್ಪಗೆ. ಆಗ ಒಂದೇ ಥ್ರೆಶೋಲ್ಡ್ ಇಡೀ ಹಾಳೆಗೆ ಒಪ್ಪುವುದಿಲ್ಲ. ಹಗಲಿನಲ್ಲಿ ಕಿಟಕಿಯ ಹತ್ತಿರ, ನೇರ ಬಿಸಿಲು ಬೀಳದ ಕಡೆ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ.

ಫೋನಿನಲ್ಲೇ ಸ್ಕ್ಯಾನ್ ಮಾಡಲು ಬಳಸುತ್ತಿದ್ದ ಕ್ಯಾಮ್‌ಸ್ಕ್ಯಾನರ್ 2020ರ ಜೂನ್‌ನಲ್ಲಿ ನಮ್ಮಲ್ಲಿ ನಿಷೇಧವಾದ 59 ಆ್ಯಪ್‌ಗಳ ಪಟ್ಟಿಯಲ್ಲಿತ್ತು. ಈಗ ಆ್ಯಂಡ್ರಾಯ್ಡ್‌ನಲ್ಲಿ ಗೂಗಲ್ ಡ್ರೈವ್, ಐಫೋನಿನಲ್ಲಿ ನೋಟ್ಸ್ ಈ ಕೆಲಸ ಮಾಡುತ್ತವೆ. ಸೊಟ್ಟ ತಿದ್ದಿ, ನೆರಳು ತೆಗೆದು, ಹಾಳೆ ಬೆಳ್ಳಗೆ ಮಾಡಿ ಕೊಡುತ್ತವೆ. ಅವು ಹುಟ್ಟಿದ್ದು ಬಿಲ್ಲು, ಅರ್ಜಿಗಳಿಗಾಗಿ. ರಂಗೋಲಿ ಪುಸ್ತಕಕ್ಕೆ ಧಾರಾಳವಾಗಿ ಸಾಕು. ಪೆನ್ಸಿಲ್ ಛಾಯೆಯನ್ನು ಅವು ಕೊಳೆ ಎಂದು ತಿಳಿದು ತೊಳೆದುಬಿಡುತ್ತವೆ, ಫಿಲ್ಟರ್ ತೆಗೆದು ಮೂಲ ಬಣ್ಣದಲ್ಲೇ ಉಳಿಸಬೇಕು. ಮನೆ ನಕ್ಷೆಗಂತೂ ಫೋನು ಬೇಡ. ಸ್ಕ್ಯಾನರಿನಲ್ಲಿ ತೆಗೆದದ್ದನ್ನು 'ಆ್ಯಕ್ಚುವಲ್ ಸೈಜ್'ನಲ್ಲಿ ಪ್ರಿಂಟ್ ಹಾಕಿದರೆ ಸ್ಕೇಲ್ ಇಟ್ಟು ಅಳೆಯಬಹುದು. ಫೋನಿನ ಚಿತ್ರಕ್ಕೆ ನಿಜವಾದ ಡಿಪಿಐ ಎಂಬುದೇ ಇಲ್ಲ.

ಫೋನು ಗೆಲ್ಲುವ ಒಂದು ಜಾಗ ದೊಡ್ಡ ಹಾಳೆ. ಚಿತ್ರಕಲೆಯವರ ಕಾಲು ಇಂಪೀರಿಯಲ್ ಹಾಳೆ 11 × 15 ಇಂಚು, ಮನೆಯ ಎ4 ಸ್ಕ್ಯಾನರಿನ ಗಾಜು ಮೀರುತ್ತದೆ. ಎರಡು ಸಲ ಸ್ಕ್ಯಾನ್ ಮಾಡಿ ಹೊಲಿಯಬಹುದು. ತಾಳ್ಮೆ ಇಲ್ಲದವರು ಹಾಳೆಯನ್ನು ಗೋಡೆಗೆ ಅಂಟಿಸಿ, ತುಸು ದೂರ ನಿಂತು ನೇರವಾಗಿ ಫೋಟೋ ತೆಗೆಯುವುದು ಒಳ್ಳೆಯದು.

ಕೊನೆಗೂ ಹಿಂಡಲೇಬೇಕಾದಾಗ

ಈಗಾಗಲೇ ಕೈಯಲ್ಲಿರುವುದು ದೊಡ್ಡ ಪಿಡಿಎಫ್ ಒಂದೇ, ಮತ್ತೆ ಸ್ಕ್ಯಾನ್ ಮಾಡುವಂತಿಲ್ಲ ಎನ್ನುವಾಗ ಘೋಸ್ಟ್‌ಸ್ಕ್ರಿಪ್ಟ್ ಎಂಬ ತಂತ್ರಾಂಶ ಬಳಸಿ. ಅದರಲ್ಲಿ ಸಿದ್ಧ ಮಟ್ಟಗಳಿವೆ: 'ಸ್ಕ್ರೀನ್' 72 ಡಿಪಿಐಗೆ ಇಳಿಸುತ್ತದೆ, 'ಇಬುಕ್' 150ಕ್ಕೆ, 'ಪ್ರಿಂಟರ್' 300ಕ್ಕೆ. ಚಿತ್ರಗಳಿಗೆ ಸ್ಕ್ರೀನ್ ಮಟ್ಟ ಕೆಲಸಕ್ಕೆ ಬಾರದು, ಇಬುಕ್ ಸರಿ. ಆನ್‌ಲೈನ್ ಸೈಟುಗಳೂ ಹೆಚ್ಚುಕಮ್ಮಿ ಇದನ್ನೇ ಮಾಡುವುದು, ಬೇರೆಯವರ ಸರ್ವರಿನಲ್ಲಿ. ಮಕ್ಕಳ ಚಿತ್ರಕ್ಕಾದರೆ ಚಿಂತೆಯಿಲ್ಲ. ಮಾಲೀಕರ ಹೆಸರು, ಸೈಟ್ ನಂಬರು, ಸಹಿ ಎಲ್ಲ ಇರುವ ನಕ್ಷೆಯನ್ನು ಅಲ್ಲಿ ಹಾಕಬೇಡಿ.

ಜಿಮೇಲ್ ಲಗತ್ತಿನ ಮಿತಿ 25 ಎಂಬಿ. ಮೇಲಿನ ಯಾವ ದಾರಿಯಲ್ಲಿ ಹೋದರೂ ಒಂದೆರಡು ಚಿತ್ರಕ್ಕೆ ಅದು ಅಡ್ಡ ಬರುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ತನ್ನದೇ ಲೆಕ್ಕದಲ್ಲಿ ಮತ್ತೆ ಹಿಂಡುತ್ತದೆ, ನಿಮ್ಮ 1 ಬಿಟ್ ಪಿಎನ್‌ಜಿ ಅಲ್ಲಿ ಬೂದು ಕಲೆಯ ಜೆಪೆಗ್ ಆಗಿಬಿಡುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ. ಜೆಪೆಗ್ ಫೈಲನ್ನು ತೆರೆದು ತಿದ್ದಿ ಉಳಿಸಿದಾಗಲೆಲ್ಲ ಸ್ವಲ್ಪ ಸವೆಯುತ್ತದೆ. ತಿದ್ದುವ ಕೆಲಸ ಮುಗಿಯುವ ತನಕ ಪಿಎನ್‌ಜಿ ಅಥವಾ ಟಿಫ್‌ನಲ್ಲೇ ಇಟ್ಟುಕೊಂಡು ಜೆಪೆಗನ್ನು ಕಟ್ಟಕಡೆಗೆ ಮಾಡಿ. ಬರೀ ತಿರುಗಿಸುವುದಕ್ಕಾದರೆ ಇರ್ಫಾನ್‌ವ್ಯೂ ಎಂಬ ಚಿತ್ರ ನೋಡುವ ತಂತ್ರಾಂಶದಲ್ಲಿ ನಷ್ಟವಿಲ್ಲದೆ ಜೆಪೆಗ್ ತಿರುಗಿಸುವ ಆಯ್ಕೆ ಇದೆ.